ಡ್ರಾಯಿಂಗ್ ಹೇಳದ ಮಾತು: ಹಡಗು ಜೋಡಿಸುವ ಕ್ರಮ

(ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಮಷಿನ್ ಶಾಪ್ ನಡೆಸುವವರು ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರೆಯುವಾಗ ಕೆಲವು ಕಡೆ ಕತ್ತರಿಸಿದ್ದೇನೆ, ಒಂದೆರಡು ಕಡೆ ಸೇರಿಸಿದ್ದೇನೆ.)

ಚಿಕ್ಕವನಿದ್ದಾಗ ನಮ್ಮ ಓಣಿಯ ಬಡಿಗೇರ ಕಾಕಾ ಚಕ್ಕಡಿ ಗಾಲಿ ಮಾಡುವುದನ್ನು ನೋಡುತ್ತ ಕೂಡುತ್ತಿದ್ದೆ. ನಡುವೆ ಒಂದು ದುಂಡನೆಯ ದಿಮ್ಮಿ. ಅದಕ್ಕೆ ಹನ್ನೆರಡು ಅರಗಳು. ಸುತ್ತಲೂ ಬಾಗಿದ ಆರು ಮರದ ತುಂಡು. ತುಂಡಿಗೆ ಎರಡೆರಡು ತೂತು, ತೂತಿಗೊಂದು ಅರ. ಕೇಳಲಿಕ್ಕೆ ಸರಳ ಅಲ್ವಾ?

ಸಿಕ್ಕು ಇರುವುದು ಕೂಡಿಸುವಾಗ. ಅರಗಳು ದಿಮ್ಮಿಯಿಂದ ಹೊರಟ ಮೇಲೆ ಬೆರಳು ಅಗಲಿಸಿದ ಹಾಗೆ ದೂರ ಹೋಗುತ್ತವೆ. ಹೀಗಾಗಿ ಎರಡು ಅರಗಳ ತುದಿ ಒಂದೇ ತುಂಡಿನ ಎರಡು ತೂತಿಗೆ ಸುಮ್ನೆ ಹೊಗುವುದಿಲ್ಲ. ಕಾಕಾ ಎರಡೂ ಅರಕ್ಕೆ ಹಗ್ಗ ಸುತ್ತಿ ಹತ್ತಿರ ಜಗ್ಗುತ್ತಿದ್ದರು, ತುದಿ ಹೊಗಿಸುತ್ತಿದ್ದರು, ಆಮೇಲೆ ಹಗ್ಗ ಬಿಡುತ್ತಿದ್ದರು. ಒಂದು ತುಂಡನ್ನು ಒಮ್ಮೆಗೇ ಪೂರ್ತಿ ಬಡಿಯುತ್ತಲೂ ಇರಲಿಲ್ಲ. ತುಂಡು ತುಂಡಿನ ನಡುವೆ ಸಣ್ಣ ಗೂಟ ಇರುತ್ತದೆ. ಒಂದನ್ನು ಪೂರ್ತಿ ಕೂಡಿಸಿಬಿಟ್ಟರೆ ಪಕ್ಕದ್ದು ಸೇರುವುದಿಲ್ಲ. ಅದಕ್ಕೇ ಆರಕ್ಕೂ ಒಂದೊಂದು ಏಟು ಹಾಕುತ್ತ ಗಾಲಿಯ ಸುತ್ತ ತಿರುಗುತ್ತಿದ್ದರು.

"ಕಾಕಾ, ಇದನ್ನ ಎಲ್ಲೆರ ಬರದಿಟ್ಟೀರೇನ್ರಿ?" ಎಂದು ಕೇಳಿದ್ದೆ.

"ಬರಿಯೂದ ಏನೈತೋ? ತಪ್ಪಿದ್ರ ಗಾಲೀನ ಹೇಳತೈತಿ" ಎಂದಿದ್ದರು.

ಮುಂದೆ ನಾನು ಕರಾವಳಿಯ ಒಂದು ಹಡಗುಕಟ್ಟೆಯ, ಅಂದರೆ ಹಡಗು ಕಟ್ಟುವ ಕಾರ್ಖಾನೆಯ, ಪ್ಲಾನಿಂಗ್ ವಿಭಾಗ ಸೇರಿದೆ. ಬೆಳಗಾವಿಯವನಿಗೆ ಸಮುದ್ರ ಅಂದರೆ ಚೋರ್ಲಾ ಘಾಟ್ ಇಳಿದ ಮೇಲೆ ಬರುವ ರಜೆಯ ಊರು. ಅಲ್ಲಿ ಹೋಗಿ ಹಡಗಿನ ಲೆಕ್ಕ ಮಾಡುತ್ತೇನೆ ಅಂತ ಅಂದುಕೊಂಡಿರಲಿಲ್ಲ. ಮೊದಲ ದಿನ ನನ್ನ ಟೇಬಲ್ ಮೇಲೆ ಡ್ರಾಯಿಂಗ್‌ಗಳ ಒಂದು ಹೊರೆ ಬಿತ್ತು. ಪ್ರತಿ ಪ್ಲೇಟಿನ ದಪ್ಪ, ಪ್ರತಿ ವೆಲ್ಡಿನ ಅಳತೆ, ಎಲ್ಲ ಇತ್ತು. ಯಾವುದನ್ನು ಮೊದಲು ಇಡಬೇಕು ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಡ್ರಾಯಿಂಗ್ ತೋರಿಸುವುದು ಮುಗಿದ ಹಡಗನ್ನು. ಹಡಗು ಆಗುವ ದಾರಿಯನ್ನು ಅದು ತೋರಿಸುವುದಿಲ್ಲ. ಆ ದಾರಿ ಹುಡುಕುವ ಕೆಲಸಕ್ಕೆ ಕಂಪ್ಯೂಟರ್ ಹೇಗೆ ಬಂತು, ಎಲ್ಲಿ ಸೋಲುತ್ತದೆ ಅನ್ನುವುದೇ ಇವತ್ತಿನ ಮಾತು.

ಮೊದಲು ಒಂದು ಲೆಕ್ಕ. ಹತ್ತು ಬಿಡಿಭಾಗ ಇವೆ ಅಂದುಕೊಳ್ಳಿ. ಒಂದಾದ ಮೇಲೆ ಒಂದರಂತೆ ಇಡಬೇಕು. ಎಷ್ಟು ಬಗೆಯಲ್ಲಿ ಇಡಬಹುದು? 36,28,800. ಸೆಕೆಂಡಿಗೆ ಒಂದು ಕ್ರಮ ಪರೀಕ್ಷೆ ಮಾಡಿದರೆ ಸರಿಯಾಗಿ 42 ದಿನ ಬೇಕು. ಭಾಗ ಹದಿನೈದಾದರೆ? 1,30,767 ಕೋಟಿ ಕ್ರಮಗಳು. ಸೆಕೆಂಡಿಗೆ ಒಂದರಂತೆ ನೋಡಿದರೆ 41 ಸಾವಿರ ವರ್ಷಕ್ಕೂ ಜಾಸ್ತಿ. ಹಡಗಿನಲ್ಲಿ ಬಿಡಿಭಾಗ ಹದಿನೈದಲ್ಲ, ಲಕ್ಷಗಟ್ಟಲೆ. ಅಂದಮೇಲೆ ಎಂಥ ಕಂಪ್ಯೂಟರ್ ತಂದರೂ ಎಲ್ಲ ಕ್ರಮಗಳನ್ನು ನೋಡಿ ಒಂದನ್ನು ಆರಿಸುವುದು ಆಗದ ಮಾತು.

ಈಗ ಅದೇ ಹದಿನೈದನ್ನು ಐದೈದರ ಮೂರು ಗುಂಪು ಮಾಡಿ. ಒಂದು ಗುಂಪಿನೊಳಗೆ 120 ಕ್ರಮ. ಮೂರಕ್ಕೆ 360. ಮೂರು ಗುಂಪುಗಳನ್ನು ಕೂಡಿಸಲು ಇನ್ನು 6. ಒಟ್ಟು 366. ಸೆಕೆಂಡಿಗೆ ಒಂದರಂತೆ ಆರು ನಿಮಿಷದ ಕೆಲಸ. 41 ಸಾವಿರ ವರ್ಷ ಹೋಗಿ ಆರು ನಿಮಿಷ! ಗುಂಪುಗಳು ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರಬಾರದು ಎಂಬ ಷರತ್ತು ಇದೆ, ಅದನ್ನು ಮರೆಯಬೇಡಿ.

ಹಡಗು ಕಟ್ಟುವವರು ಈ ಉಪಾಯವನ್ನು ಕಂಪ್ಯೂಟರಿಗಿಂತ ಮೊದಲೇ ಕಂಡುಕೊಂಡಿದ್ದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಲಿಬರ್ಟಿ ಎಂಬ ಸರಕು ಹಡಗುಗಳನ್ನು 2,710 ಕಟ್ಟಿತು. ಹಳೆಯ ಪದ್ಧತಿಯಲ್ಲಿ ಕೆಳಗೆ ಉದ್ದನೆಯ ಅಡಿ ಇಟ್ಟು, ಪಕ್ಕೆಲುಬು ನಿಲ್ಲಿಸಿ, ಒಂದೊಂದೇ ಪ್ಲೇಟ್ ಹೊದಿಸುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ದೊಡ್ಡ ದೊಡ್ಡ ತುಂಡುಗಳನ್ನು ಬೇರೆ ಕಡೆ ಮಾಡಿ ತಂದು ಕೂಡಿಸಿದರು. ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ ರಾಬರ್ಟ್ ಇ. ಪೀರಿ ಎಂಬ ಹಡಗು 1942ರ ನವೆಂಬರಿನಲ್ಲಿ 4 ದಿನ 15 ಗಂಟೆ 29 ನಿಮಿಷದಲ್ಲಿ ನೀರಿಗಿಳಿಯಿತು. ಅದು ಪ್ರಚಾರದ ಆಟವೂ ಹೌದು. ತುಂಡುಗಳನ್ನೆಲ್ಲ ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದರು. ಹಾಗಂದರೂ ಅಷ್ಟು ದಿನದಲ್ಲಿ ಕೂಡಿಸಿದರಲ್ಲ! ಯುದ್ಧ ಮುಗಿದ ಮೇಲೆ ಎಲ್ಮರ್ ಹಾನ್ ಎಂಬವರು ಈ ಪದ್ಧತಿಯನ್ನು ಜಪಾನಿನ ಕುರೆ ಹಡಗುಕಟ್ಟೆಗೆ ಒಯ್ದರು. ಜಪಾನಿನವರು ಅದನ್ನು ಎಷ್ಟು ತಿದ್ದಿ ತೀಡಿದರೆಂದರೆ ಆಮೇಲೆ ಅಮೆರಿಕದವರೇ ಅವರಿಂದ ಕಲಿಯಬೇಕಾಯಿತು.

ಹೀಗೆ ಬೇರೆ ಕಡೆ ಮಾಡಿ ತಂದು ಕೂಡಿಸುವ ದೊಡ್ಡ ತುಂಡಿಗೆ ಬ್ಲಾಕ್ ಅನ್ನುತ್ತಾರೆ. ನಮ್ಮ ಐಎನ್‌ಎಸ್ ವಿಕ್ರಾಂತ್ ಗೊತ್ತಲ್ಲ, ಕೊಚ್ಚಿಯಲ್ಲಿ ಕಟ್ಟಿ 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರಿದ್ದು. 262 ಮೀಟರ್ ಉದ್ದ, ಒಳಗೆ 2,300 ಕೋಣೆಗಳು. ಅದರ ಒಡಲು 874 ಬ್ಲಾಕ್‌ಗಳಿಂದ ಆದದ್ದು.

ಬ್ಲಾಕ್ ಎಷ್ಟು ದೊಡ್ಡದಿರಬೇಕು? ಅದನ್ನು ತೀರ್ಮಾನ ಮಾಡುವವನು ಕ್ರೇನ್. ಕ್ರೇನ್ 600 ಟನ್ ಎತ್ತುವುದಾದರೆ ಬ್ಲಾಕ್, ಅದರ ಸರಪಳಿ, ಕೊಂಡಿ ಎಲ್ಲ ಸೇರಿ ಅದರೊಳಗೇ ಇರಬೇಕು. ಕೊಚ್ಚಿಯಲ್ಲಿ 2024ರ ಜನವರಿಯಲ್ಲಿ ಉದ್ಘಾಟನೆಯಾದ 310 ಮೀಟರಿನ ಹೊಸ ಡ್ರೈ ಡಾಕ್‌ನಲ್ಲಿ (ನೀರು ಖಾಲಿ ಮಾಡಿ ಹಡಗು ಕಟ್ಟುವ ದೊಡ್ಡ ಹೊಂಡ) 600 ಟನ್ನಿನ ಗ್ಯಾಂಟ್ರಿ ಕ್ರೇನ್ ಇದೆ. ಕ್ರೇನ್ ದೊಡ್ಡದಾದಷ್ಟೂ ಡಾಕ್‌ನಲ್ಲಿ ಮಾಡುವ ಕೆಲಸ ಕಡಿಮೆ. ಹಡಗುಕಟ್ಟೆಗಳಲ್ಲಿ ಒಂದು ಮಾತಿದೆ: ಶೆಡ್ಡಿನಲ್ಲಿ ಒಂದು ತಾಸಿನ ಕೆಲಸ ಬ್ಲಾಕ್ ಮೇಲೆ ಮೂರು ತಾಸು, ಹಡಗಿನೊಳಗೆ ಎಂಟು ತಾಸು. ಇದು ತಕ್ಕಡಿಯಲ್ಲಿ ತೂಗಿದ ಲೆಕ್ಕವಲ್ಲ, ಅಂದಾಜು. ಆದರೆ ಇಕ್ಕಟ್ಟಿನಲ್ಲಿ ಮಲಗಿ ಬೋಲ್ಟ್ ಬಿಗಿದವರಿಗೆ ಇದನ್ನು ಬಿಡಿಸಿ ಹೇಳುವುದು ಬೇಕಿಲ್ಲ.

ಕ್ರೇನ್ ಮಾತು ಬಂತು, ಒಂದು ಕಥೆ ಹೇಳಿಬಿಡುತ್ತೇನೆ. ಸ್ವೀಡನ್ನಿನ ಮಾಲ್ಮೋ ಊರಿನಲ್ಲಿ ಕಾಕುಮ್ಸ್ ಹಡಗುಕಟ್ಟೆಯ ಒಂದು ಭಾರಿ ಕ್ರೇನ್ ಇತ್ತು. ಊರಿನ ಗುರುತೇ ಅದು. ಅಲ್ಲಿ ಹಡಗು ಕಟ್ಟುವ ಕೆಲಸ ನಿಂತಿತು. ಕೊರಿಯಾದ ಹ್ಯುಂಡೈ ಕಂಪನಿ ಅದನ್ನು ಒಂದು ಡಾಲರಿಗೆ ಕೊಂಡು 2002ರಲ್ಲಿ ಉಲ್ಸಾನ್‌ಗೆ ಒಯ್ಯಿತು. ಊರ ಮಂದಿ ದಂಡೆಯಲ್ಲಿ ನಿಂತು ಅತ್ತರಂತೆ. ಆದರೆ ಅದೇ ಕಾಕುಮ್ಸ್‌ನಲ್ಲಿ ಹುಟ್ಟಿದ ಇನ್ನೊಂದು ವಸ್ತು, ಹಡಗಿನ ವಿನ್ಯಾಸ ಮಾಡುವ ಟ್ರೈಬಾನ್ ಎಂಬ ಸಾಫ್ಟ್‌ವೇರ್. ಹಡಗುಕಟ್ಟೆ ಹೋಯಿತು, ಅದು ಮಾತ್ರ ಬೇರೆ ಬೇರೆ ದೇಶಗಳ ಹಡಗುಕಟ್ಟೆಗಳಲ್ಲಿ ಬಹಳ ವರ್ಷ ನಡೆಯಿತು. ನನಗೆ ಕಂಪ್ಯೂಟರ್ ಕೆಲಸ ಕಲಿಸಿದ್ದೂ ಅದೇ.

ಕಂಪ್ಯೂಟರ್ ಹಡಗುಕಟ್ಟೆಗೆ ಮೊದಲು ಬಂದದ್ದು ಕ್ರಮ ಹೇಳಲಿಕ್ಕಲ್ಲ, ಪ್ಲೇಟ್ ಕತ್ತರಿಸಲಿಕ್ಕೆ. ಅದಕ್ಕೂ ಹಿಂದೆ ಹಡಗಿನ ಮೈಯ ಬಾಗುಗಳನ್ನು ದೊಡ್ಡ ಅಟ್ಟದ ಮರದ ನೆಲದ ಮೇಲೆ ನಿಜವಾದ ಅಳತೆಯಲ್ಲೇ ಬರೆಯುತ್ತಿದ್ದರು. ಮೊಣಕಾಲೂರಿ, ಉದ್ದನೆಯ ಪಟ್ಟಿ ಬಗ್ಗಿಸಿ ಗೆರೆ ಎಳೆಯುವುದು. 1960ರ ದಶಕದಲ್ಲಿ ನಾರ್ವೆಯ ಆಟೋಕಾನ್, ಸ್ಪೇನಿನ ಫೋರಾನ್ ಇಂಥ ಸಾಫ್ಟ್‌ವೇರ್‌ಗಳು ಬಂದು ಆ ಗೆರೆಯನ್ನು ಅಂಕಿ ಮಾಡಿದವು. ಕ್ರಮದ ಪ್ರಶ್ನೆಗೆ ಕಂಪ್ಯೂಟರ್ ಕೈ ಹಾಕಿದ್ದು 1980ರ ದಶಕದಲ್ಲಿ, ಅದೂ ಹಡಗಿನವರಿಂದಲ್ಲ. ರೋಬೋಟ್ ಕೈಯಿಂದ ಸಣ್ಣ ಯಂತ್ರ ಜೋಡಿಸಬೇಕೆಂದವರಿಂದ.

1984ರಲ್ಲಿ ಫ್ರಾನ್ಸಿನ ಬೂರ್ಜೋ ಎಂಬ ಸಂಶೋಧಕ ಒಂದು ದಾರಿ ತೋರಿಸಿದರು. ನನಗೆ ಇಂದಿಗೂ ಅದು ಬಹಳ ಇಷ್ಟ. ಯಾವ ಭಾಗ ಯಾವುದಕ್ಕೆ ತಾಗುತ್ತದೆ ಎಂದು ಒಂದು ಚಿತ್ರ ಬರೆಯುವುದು. ಚುಕ್ಕಿ ಅಂದರೆ ಭಾಗ, ಗೆರೆ ಅಂದರೆ ಜೋಡಣೆ. ಆಮೇಲೆ ಆ ಪದ್ಧತಿ ಅನುಭವಿ ಇಂಜಿನಿಯರಿಗೆ ಹೌದು, ಇಲ್ಲ ಎಂಬ ಉತ್ತರದ ಪ್ರಶ್ನೆ ಕೇಳುತ್ತದೆ: ಈ ಜೋಡಣೆ ಆಗಿಬಿಟ್ಟಿದ್ದರೆ ಆ ಜೋಡಣೆ ಮಾಡಲು ಬರುತ್ತದೆಯೋ? ಉತ್ತರಗಳಿಂದ ನಡೆಯಬಲ್ಲ ಕ್ರಮಗಳೆಲ್ಲ ಹೊರಗೆ ಬರುತ್ತವೆ. ತೊಂದರೆ ಏನೆಂದರೆ ಪ್ರಶ್ನೆಗಳು ವಿಪರೀತ. ಕೇಳಿಸಿಕೊಳ್ಳುವವನು ಎದ್ದು ಹೋಗುತ್ತಾನೆ. 1987ರಲ್ಲಿ ಅಮೆರಿಕದ ಡಿ ಫಾಜಿಯೋ ಮತ್ತು ವಿಟ್ನಿ ಇದನ್ನು ಒಂದು ಜೋಡಣೆಗೆ ಎರಡೇ ಪ್ರಶ್ನೆಗೆ ಇಳಿಸಿದರು. ಇದಕ್ಕಿಂತ ಮೊದಲು ಏನಾಗಿರಲೇಬೇಕು? ಇದಾದ ಮೇಲೆಯೇ ಏನಾಗಬೇಕು? ಅಷ್ಟೇ. ಈ ಎರಡು ಪ್ರಶ್ನೆ ನೆನಪಿರಲಿ, ಕೊನೆಗೆ ಮತ್ತೆ ಬರುತ್ತೇನೆ.

ಆಮೇಲೆ ಪ್ರಶ್ನೆ ಕೇಳದೇ ಉತ್ತರ ಹುಡುಕುವ ದಾರಿ ಬಂತು. ಕಂಪ್ಯೂಟರಿನಲ್ಲಿ ಮುಗಿದ ಯಂತ್ರದ ಮಾಡೆಲ್ ತೆಗೆದುಕೊಂಡು ಬಿಚ್ಚುತ್ತ ಹೋಗುವುದು. ಯಾವ ಭಾಗವನ್ನು ಈಗ ಯಾವುದಕ್ಕೂ ತಾಗದ ಹಾಗೆ ಹೊರಗೆ ಎಳೆಯಬಹುದು? ಅದನ್ನು ತೆಗೆ. ಮುಂದಿನದು ಯಾವುದು? ಕೊನೆಗೆ ಆ ಪಟ್ಟಿಯನ್ನು ತಿರುವಿದರೆ ಜೋಡಿಸುವ ಕ್ರಮ. ಕಟ್ಟುವುದಕ್ಕಿಂತ ಬಿಚ್ಚುವುದು ಲೆಕ್ಕಕ್ಕೆ ಸುಲಭ. ಯಾಕೆಂದರೆ ಮುಗಿದ ಯಂತ್ರದಲ್ಲಿ ಭಾಗಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ, ಹೊರಗೆ ಬರುವ ದಾರಿ ಬಹಳ ಇರುವುದಿಲ್ಲ. ತಪ್ಪು ದಾರಿ ಬೇಗ ಗೊತ್ತಾಗುತ್ತದೆ.

ಹಡಗಿನ ಒಂದು ಉದಾಹರಣೆ ನೋಡಿ. ತಳದ ಪ್ಲೇಟಿಗೆ ಉದ್ದಕ್ಕೂ ಬಲ ಕೊಡುವ ಪಟ್ಟಿಗಳಿರುತ್ತವೆ. ಅವು ಅಡ್ಡ ನಿಂತ ಪ್ಲೇಟುಗಳ ಗಾಳೆಯಲ್ಲಿ, ಅಂದರೆ ಕತ್ತರಿಸಿ ಮಾಡಿದ ಸಂದಿನಲ್ಲಿ, ಹಾದು ಹೋಗುತ್ತವೆ. ಗಾಳೆ ಪಟ್ಟಿಯ ಆಕಾರಕ್ಕೆ ಬಿಗಿಯಾಗಿದ್ದರೆ ಅಡ್ಡ ಪ್ಲೇಟನ್ನು ಮೇಲಿನಿಂದ ಇಳಿಸಲು ಬರುವುದಿಲ್ಲ. ತುದಿಯಿಂದ ಸೂಜಿಗೆ ದಾರ ಹಾಕಿದ ಹಾಗೆ ತೂರಿಸಬೇಕು. ಹನ್ನೆರಡು ಮೀಟರಿನ ಪ್ಯಾನಲ್ ಆದರೆ ಪಕ್ಕದಲ್ಲೂ ಅಷ್ಟೇ ಖಾಲಿ ಜಾಗ ಬೇಕು. ಗಾಳೆ ಅಗಲ ಇಟ್ಟರೆ ಮೇಲಿನಿಂದ ಇಳಿಸಬಹುದು, ಆದರೆ ಉಳಿದ ತೆರಪನ್ನು ಕಾಲರ್ ಪ್ಲೇಟ್ ಎಂಬ ಸಣ್ಣ ತುಂಡಿನಿಂದ ಮುಚ್ಚಬೇಕು. ಒಂದೊಂದು ಗಾಳೆಗೂ ಒಂದು ಹೆಚ್ಚಿನ ತುಂಡು, ಹೆಚ್ಚಿನ ವೆಲ್ಡಿಂಗ್. ಜಾಗ ಬೇಕೋ, ಕೆಲಸ ಬೇಕೋ? ಕಂಪ್ಯೂಟರ್ ಎರಡರ ಲೆಕ್ಕವನ್ನೂ ಮುಂದಿಡುತ್ತದೆ. ಆರಿಸುವುದು ನಮ್ಮ ಅಂಗಳ ನೋಡಿ.

ಇನ್ನೊಂದು. ಹೊಸಬರಿಗೆ ಯಾವಾಗಲೂ ಸೋಜಿಗ ಅನ್ನಿಸುವುದು ಇದು: ಎಷ್ಟೋ ಬ್ಲಾಕ್‌ಗಳನ್ನು ತಲೆಕೆಳಗಾಗಿ ಕಟ್ಟುತ್ತಾರೆ. ಡೆಕ್, ಅಂದರೆ ಹಡಗಿನ ಮಹಡಿಯ ಹಾಸು, ನೆಲದ ಮೇಲೆ ಬೋರಲು ಮಲಗಿರುತ್ತದೆ, ಅದರ ಮೇಲೆ ಗೋಡೆಗಳು ಏಳುತ್ತವೆ. ಯಾಕೆ? ವೆಲ್ಡರ್ ಕೆಳಗೆ ನೋಡಿ ಕೆಲಸ ಮಾಡಿದರೆ ಕರಗಿದ ಲೋಹ ತಾನೇ ಕೂಡುತ್ತದೆ, ಯಂತ್ರದಿಂದಲೂ ಮಾಡಿಸಬಹುದು. ತಲೆ ಎತ್ತಿ ಮಾಡಿದರೆ ಕಿಡಿ ಮೈಮೇಲೆ, ಕುತ್ತಿಗೆ ನೋವು ಬೇರೆ, ಕೆಲಸವೂ ನಿಧಾನ. ಆದರೆ ಮುಗಿದ ಮೇಲೆ ನೂರಾರು ಟನ್ ಬ್ಲಾಕನ್ನು ಗಾಳಿಯಲ್ಲಿ ಹೊರಳಿಸಬೇಕು. ಭಾರದ ನಡು ಎಲ್ಲಿದೆ, ಎತ್ತುವ ಕೊಂಡಿಯನ್ನು ಎಲ್ಲಿ ವೆಲ್ಡ್ ಮಾಡಬೇಕು, ಹೊರಳುವಾಗ ಬ್ಲಾಕ್ ಎಷ್ಟು ಬಾಗುತ್ತದೆ? ಇಂಥ ಕಡೆ ಕಂಪ್ಯೂಟರ್ ಇಲ್ಲದಿದ್ದರೆ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಈಗ ಸೋತ ಕಥೆ. ಕಟ್ಟೆಯ ಹೆಸರು ಬೇಡ, ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ತಳದ ಎರಡು ಪದರಗಳ ನಡುವೆ ಗೂಡಿನಂಥ ಕೋಣೆಗಳಿರುತ್ತವೆ. ಅಂಥ ಒಂದು ಬ್ಲಾಕಿಗೆ ನಾನು ಕ್ರಮ ಹಾಕಿದ್ದೆ. ಸ್ಕ್ರೀನ್ ಮೇಲೆ ಒಂದೂ ಭಾಗ ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಎಲ್ಲ ಹಸಿರು. ನಾನು ಖುಷಿಯಿಂದ ಪ್ರಿಂಟ್ ತೆಗೆದು ಶೆಡ್ಡಿಗೆ ಒಯ್ದೆ. ಅಲ್ಲಿ ಹುನಗುಂದ ಕಡೆಯ ಒಬ್ಬ ಹಿರಿಯ ವೆಲ್ಡರ್ ಇದ್ದರು. ಹಾಳೆಯನ್ನು ಅತ್ತ ಇತ್ತ ತಿರುವಿ ನೋಡಿದರು.

"ಸಾಹೇಬ್ರ, ಎಲ್ಲಾ ಛಲೋ ಐತ್ರಿ. ಇದರಾಗ ನಾ ಎಲ್ಲಿ ಅದೀನ್ರಿ?"

ನನಗೆ ತಿಳಿಯಲಿಲ್ಲ. ಅವರು ಹತ್ತಿರದ ಒಂದು ಗೂಡಿನೊಳಗೆ ತೂರಿ ಕೂತು ವೆಲ್ಡಿಂಗ್ ಟಾರ್ಚ್ ಹಿಡಿದು ತೋರಿಸಿದರು. ನನ್ನ ಕ್ರಮದಲ್ಲಿ ಏಳನೆಯ ಪ್ಲೇಟ್ ನಿಂತ ಮೇಲೆ ಅವರ ಮೊಣಕೈ ಮಡಚಲು ಜಾಗ ಇರಲಿಲ್ಲ. ಎಂಟನೆಯದು ಕೂತರೆ ಹೊರಗೆ ಬರಲು ದಾರಿಯೂ ಇಲ್ಲ. ಕಂಪ್ಯೂಟರಿಗೆ ಕಬ್ಬಿಣ ಕಬ್ಬಿಣಕ್ಕೆ ತಾಗುವುದು ಗೊತ್ತಿತ್ತು. ಒಳಗೆ ಕೂತ ಮನುಷ್ಯನ ವಿಷಯ ನಾನು ಹೇಳಿಯೇ ಇರಲಿಲ್ಲ. ಅವತ್ತಿನಿಂದ ಪ್ರತಿ ವೆಲ್ಡಿಗೂ ಟಾರ್ಚ್ ಮತ್ತು ಕೈಯ ಒಂದು ಒರಟು ಆಕಾರವನ್ನು ಮಾಡೆಲ್‌ನಲ್ಲಿ ಇಟ್ಟು ನೋಡುವುದು ಶುರು ಮಾಡಿದೆವು. ಲೆಕ್ಕ ನಿಧಾನವಾಯಿತು. ಹಸಿರು ಕಡಿಮೆಯಾಗಿ ಕೆಂಪು ಜಾಸ್ತಿಯಾಯಿತು. ಆದರೆ ಆ ಕೆಂಪು ನಿಜ.

ಇನ್ನೊಂದು ಸಲ ಒಂದು ಕೂಲರ್ (ಬಿಸಿ ಇಳಿಸುವ ಉಪಕರಣ) ಹೊರಗೇ ಉಳಿಯಿತು. ಡೆಕ್ ಮುಚ್ಚುವ ಮೊದಲು ಅದು ಒಳಗೆ ಇಳಿಯಬೇಕು ಎಂದು ಪ್ಲಾನ್‌ನಲ್ಲಿ ಇತ್ತು. ಸಾಮಾನು ಬರುವುದು ತಡವಾಯಿತು. ಬ್ಲಾಕ್ ನಿಂತರೆ ಡಾಕ್ ನಿಲ್ಲುತ್ತದೆ ಎಂದು ಡೆಕ್ ಮುಚ್ಚಿದರು. ಆಮೇಲೆ ಡೆಕ್‌ನಲ್ಲಿ ಚೌಕ ಕೊಯ್ದು ಇಳಿಸಿದ್ದಾಯಿತು. ಕೊಯ್ಯಲು ಅರ್ಧ ದಿನ. ಮತ್ತೆ ಮುಚ್ಚಿ, ವೆಲ್ಡ್ ಪರೀಕ್ಷೆ ಮಾಡಿ, ಕೆಳಗೆ ಸುಟ್ಟ ಬಣ್ಣ ಕೆರೆದು ಹಚ್ಚಲು ಒಂಬತ್ತು ದಿನ. ಕ್ರಮ ತಪ್ಪಿರಲಿಲ್ಲ, ಕ್ರಮವನ್ನು ಖರೀದಿ ವಿಭಾಗಕ್ಕೆ ಯಾರೂ ತೋರಿಸಿರಲಿಲ್ಲ. ನನ್ನ ಕೇಳಿದರೆ ಇಂಥ ತಪ್ಪುಗಳೇ ಜಾಸ್ತಿ. ವಿಮಾನದಲ್ಲೂ ಇದೇ ಕಥೆ. ಏರ್‌ಬಸ್ ಎ380ರಲ್ಲಿ ಸುಮಾರು 530 ಕಿಲೋಮೀಟರ್ ವೈರ್ ಇರುತ್ತದೆ. ಜರ್ಮನಿಯ ಹ್ಯಾಂಬರ್ಗ್ ಕಾರ್ಖಾನೆಯವರು ಕೇಟಿಯಾ ಎಂಬ ವಿನ್ಯಾಸದ ಸಾಫ್ಟ್‌ವೇರಿನ ನಾಲ್ಕನೇ ಆವೃತ್ತಿ ಬಳಸುತ್ತಿದ್ದರು, ಫ್ರಾನ್ಸಿನ ಟುಲೂಸ್‌ನವರು ಐದನೆಯದು. ಕೂಡಿಸಲು ಹೋದರೆ ವೈರ್ ಗಿಡ್ಡ! 2006ರಲ್ಲಿ ವಿಮಾನಗಳ ವಿತರಣೆ ಮುಂದೆ ಮುಂದೆ ಹೋಯಿತು. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಗೆಳೆಯರು ಇಲ್ಲಿ ಕೂತಿದ್ದೀರಿ, ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಮತ್ತೆ ಗಾಲಿಗೆ ಬರೋಣ. ಕ್ರಮ ಹುಡುಕುವ ಹಳೆಯ ಲೆಕ್ಕಗಳೆಲ್ಲ ಮೂರು ಮಾತನ್ನು ಒಪ್ಪಿಕೊಂಡೇ ಹೊರಡುತ್ತವೆ. ಒಂದು ಸಲಕ್ಕೆ ಒಂದೇ ಭಾಗ ಸೇರುತ್ತದೆ. ಒಮ್ಮೆ ಕೂತದ್ದು ಮತ್ತೆ ಅಲುಗುವುದಿಲ್ಲ. ಭಾಗಗಳು ಬಾಗುವುದಿಲ್ಲ, ಕುಗ್ಗುವುದಿಲ್ಲ. ಕಾಕಾ ಮೂರನ್ನೂ ಮುರಿದರು. ಆರು ತುಂಡು ಒಟ್ಟೊಟ್ಟಿಗೆ ಕೂತವು, ಕೂತದ್ದು ಮತ್ತೆ ಅಲುಗಿತು, ಅರ ಬಾಗಿತು. ಕೊನೆಗೆ ಕಂಬಾರರು ಬಂದು ಗಾಲಿಗಿಂತ ತುಸು ಸಣ್ಣದಾದ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ಹಿಗ್ಗಿಸಿ ಏರಿಸಿದರು, ನೀರು ಹೊಯ್ದರು. ಹಳಿ ಕುಗ್ಗಿ ಇಡೀ ಗಾಲಿಯನ್ನು ಹಿಂಡಿ ಹಿಡಿಯಿತು.

ಹಡಗಿನಲ್ಲೂ ಕಬ್ಬಿಣ ಹೀಗೆ ಉಸಿರಾಡುತ್ತದೆ. ವೆಲ್ಡ್ ಆರುವಾಗ ಪ್ಲೇಟುಗಳನ್ನು ಎಳೆದುಕೊಳ್ಳುತ್ತದೆ. ಒಂದು ಜೋಡಣೆಗೆ ಒಂದೆರಡು ಮಿಲಿಮೀಟರ್ ಅಂದರೂ ಹತ್ತು ಜೋಡಣೆಗೆ ಒಂದು ಸೆಂಟಿಮೀಟರಿಗೆ ಕಡಿಮೆ ಇಲ್ಲ. ಪಕ್ಕದ ಬ್ಲಾಕ್ ಬಂದಾಗ ಅಂಚು ಅಂಚಿಗೆ ಕೂಡುವುದಿಲ್ಲ. ಇನ್ನೂ ಒಂದು ವಿಷಯ. ಅದೇ ವೆಲ್ಡುಗಳನ್ನು ನಡುವಿನಿಂದ ಹೊರಗೆ ಮಾಡುತ್ತ ಹೋದರೆ ಅಂಚುಗಳಿಗೆ ಸರಿಯಲು ಬಿಡುವು ಇರುತ್ತದೆ. ಹೊರಗಿನಿಂದ ಒಳಗೆ ಮಾಡಿದರೆ ಕುಗ್ಗಲು ದಾರಿ ಇಲ್ಲದೆ ಪ್ಲೇಟ್ ಹಪ್ಪಳದಂತೆ ಏಳುತ್ತದೆ, ಇಲ್ಲವೇ ಒಳಗೆ ಬಿಗಿದುಕೊಂಡು ಕೂರುತ್ತದೆ. ಅಂದರೆ ಕ್ರಮ ಬದಲಾದರೆ ವಸ್ತುವಿನ ಆಕಾರವೇ ಬದಲಾಗುತ್ತದೆ. ಮೊದಲು ಆಕಾರ, ಆಮೇಲೆ ಕ್ರಮ ಎಂದು ಲೆಕ್ಕ ಮಾಡುವ ಸಾಫ್ಟ್‌ವೇರಿಗೆ ಇದು ಗಂಟಲಲ್ಲಿ ಸಿಕ್ಕ ಮುಳ್ಳು. ಈಗ ವೆಲ್ಡಿನ ಕುಗ್ಗುವಿಕೆಯ ಲೆಕ್ಕವನ್ನು ಕ್ರಮದ ಲೆಕ್ಕದ ಜೊತೆ ಕೂಡಿಸುತ್ತಿದ್ದಾರೆ. ಆದರೂ ಬ್ಲಾಕಿನ ಅಂಚಿನಲ್ಲಿ ಸ್ವಲ್ಪ ಹೆಚ್ಚು ಕಬ್ಬಿಣ ಬಿಟ್ಟು, ಕೊನೆಗೆ ಅಳೆದು ಕತ್ತರಿಸುವ ರೂಢಿ ಹಲವು ಕಡೆ ಹಾಗೆಯೇ ಇದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಪಂಪ್ ಮಾಡುವ ಒಬ್ಬರು ಕೇಳಿದರು: "ನಮ್ಮಲ್ಲಿ ಹದಿನಾಲ್ಕು ಭಾಗದ ಅಸೆಂಬ್ಲಿ ಇದೆ. ಇಷ್ಟಕ್ಕೆ ಸಾಫ್ಟ್‌ವೇರ್ ಕೊಳ್ಳಬೇಕೇ?" ಬೇಡ ಅಂದೆ. ಒಂದು ಹಾಳೆಯ ಮೇಲೆ ಚುಕ್ಕಿ, ಗೆರೆ ಬರೆಯಿರಿ. ಒಂದೊಂದು ಗೆರೆಗೆ ಆ ಎರಡು ಪ್ರಶ್ನೆ ಕೇಳಿ. ಆದರೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಡಿ. ಅದನ್ನು ದಿನಾ ಕೂಡಿಸುವ ಹಿರಿಯ ಫಿಟ್ಟರನ್ನು ಕೂರಿಸಿ, ಚಹಾ ತರಿಸಿ ಕೇಳಿ. ಮೂರು ತಾಸಿನಲ್ಲಿ ಮುಗಿಯುತ್ತದೆ. ಅವರು ನಿವೃತ್ತಿ ಆಗುವ ಮೊದಲು ಮಾಡಿ.

ಹಿಂದಿನ ಸಾಲಿನಲ್ಲಿ ಕೂತಿದ್ದ ಪ್ಯಾಟರ್ನ್ (ಎರಕದ ಅಚ್ಚು ತೆಗೆಯುವ ಮಾದರಿ) ಮಾಡುವ ಹಿರಿಯರೊಬ್ಬರದು ಇನ್ನೊಂದು. "ಕಬ್ಬಿಣ ಎಷ್ಟ ಕುಗ್ಗತೈತಿ ಅಂತ ಆ ಕಂಪ್ಯೂಟರಿಗೆ ಹೇಳಾವ್ರು ಯಾರ್ರಿ?" ಹಿಂದೆ ಕಟ್ಟಿದ ಬ್ಲಾಕ್‌ಗಳು ಅಂದೆ. ವೆಲ್ಡ್ ಆದ ಮೇಲೆ ಪ್ರತಿ ಬ್ಲಾಕನ್ನೂ ಅಳೆದು, ಅಂದಾಜು ಎಷ್ಟಿತ್ತು, ಆದದ್ದು ಎಷ್ಟು ಎಂದು ಬರೆದಿಟ್ಟು ಮುಂದಿನ ಬ್ಲಾಕಿಗೆ ಕೊಡುತ್ತಾರೆ. ಅವರು ನಕ್ಕರು. ಬೀಡಿನ ಎರಕಕ್ಕೆ ಮೀಟರಿಗೆ ಹತ್ತು ಮಿಲಿಮೀಟರ್, ಉಕ್ಕಿಗೆ ಅದರ ಎರಡು ಪಟ್ಟು ಬಿಡುತ್ತೇವೆ, ಅದಕ್ಕೇ ನಮ್ಮ ಸ್ಕೇಲೇ ಬೇರೆ ಇರುತ್ತದೆ ಎಂದರು. ಆದರೆ ಉದ್ದನೆಯ, ತೆಳ್ಳನೆಯ ಎರಕಕ್ಕೆ ಆ ಸ್ಕೇಲ್ ನಂಬುವುದಿಲ್ಲವಂತೆ. ಹಾಗಾದರೆ ಏನು ಮಾಡುತ್ತೀರಿ ಎಂದು ಈ ಸಲ ನಾನು ಕೇಳಿದೆ. ಅವರು ಎದ್ದು ಮುಂದೆ ಬಂದರು. ಆಮೇಲೆ ಅರ್ಧ ತಾಸು ಮಾತಾಡಿದ್ದು ಅವರು, ಬೋರ್ಡ್ ಮೇಲೆ ಬರೆದುಕೊಂಡದ್ದು ನಾನು.